ಉಪನಗರ ರೈಲು ಮತ್ತು ಮಾರ್ಗದ ಗ್ರಾಮಗಳು: ಮುಂಬೈನ ಚರ್ಚ್‌ಗೇಟ್–ವಿರಾರ್ ಮಾರ್ಗದ ಇತಿಹಾಸ, ಕಾರ್ಯವಿಧಾನ ಹಾಗೂ ಪಾಠಗಳು

ಮಹಾನಗರದ ಹೊರವಲಯದ ಗ್ರಾಮವೊಂದಕ್ಕೆ ಉಪನಗರ ರೈಲು ಬಂದಾಗ ಮೊದಲು ಬದಲಾಗುವುದು ಪ್ರಯಾಣದ ಅವಧಿ. ಅನಂತರ ಭೂಮಿಯ ಬೆಲೆ ಬದಲಾಗುತ್ತದೆ. ಅದರ ಹಿಂದೆಯೇ ಜನಸಂಖ್ಯೆ, ನೀರಿನ ಬೇಡಿಕೆ, ಚರಂಡಿಯ ಹರಿವು, ರಸ್ತೆಯ ದಟ್ಟಣೆ ಎಲ್ಲವೂ ಬದಲಾಗುತ್ತವೆ. ಹಳಿ ಹಾಕುವುದು, ಗಾಡಿ ಓಡಿಸುವುದು ರೈಲ್ವೆಯ ಹೊಣೆ. ನಿಲ್ದಾಣದ ಬಾಗಿಲಿನಿಂದ ಆಚೆಗೆ ಆರಂಭವಾಗುವ ಹೊಣೆ ಮಾತ್ರ ಸ್ಥಳೀಯ ಸಂಸ್ಥೆಯದು. ಈ ಎರಡು ಹೊಣೆಗಳು ಜೊತೆಯಾಗಿ ಸಾಗದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೇಶದ ಅತ್ಯಂತ ಹಳೆಯ ಉಪನಗರ ಮಾರ್ಗಗಳಲ್ಲೊಂದಾದ ಮುಂಬೈನ ಪಶ್ಚಿಮ ಮಾರ್ಗದ ಅನುಭವ ನೆರವಾಗುತ್ತದೆ. ಬೆಂಗಳೂರಿನ ಸುತ್ತಲಿನ ಗ್ರಾಮಗಳತ್ತ ಉಪನಗರ ರೈಲಿನ ಕಾಮಗಾರಿ ಸಾಗುತ್ತಿರುವ ಈ ಸಂದರ್ಭದಲ್ಲಿ ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳು, ಅಭಿವೃದ್ಧಿ ಅಧಿಕಾರಿಗಳು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ಮಾರ್ಗದ ಹುಟ್ಟು

ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಯವರೆಗೆ ಸಂಚರಿಸಿತು. ಅದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಮಾರ್ಗ. ಇಂದು ಮಧ್ಯ ರೈಲ್ವೆಯ ಭಾಗ. ಪಶ್ಚಿಮ ಕರಾವಳಿಯ ಗುಂಟ ಗುಜರಾತಿನ ಕಡೆಯಿಂದ ಮುಂಬೈಗೆ ಹಳಿ ಹಾಕುತ್ತ ಬಂದದ್ದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಮತ್ತೊಂದು ಕಂಪನಿ. ಗುಜರಾತಿನ ಹತ್ತಿಯನ್ನು ಮುಂಬೈ ಬಂದರಿಗೆ ಸಾಗಿಸುವುದು ಅದರ ಮುಖ್ಯ ಗುರಿಗಳಲ್ಲಿ ಒಂದಾಗಿತ್ತು. 1864ರಲ್ಲಿ ಆ ಹಳಿ ಮುಂಬೈನ ಗ್ರಾಂಟ್ ರೋಡ್ ತಲುಪಿತು.

1867ರ ಏಪ್ರಿಲ್ 12ರಂದು ವಿರಾರ್ ಹಾಗೂ ಮುಂಬೈನ ಬ್ಯಾಕ್‌ಬೇ ನಡುವೆ ದಿನಕ್ಕೊಂದು ಗಾಡಿಯ ಸಂಚಾರ ಆರಂಭವಾಯಿತು. ಬೆಳಗ್ಗೆ ವಿರಾರ್‌ನಿಂದ ಹೊರಟು ಸಂಜೆ ಮರಳುವ ಈ ಗಾಡಿಯನ್ನು ಪಶ್ಚಿಮ ಮಾರ್ಗದ ಉಪನಗರ ಸೇವೆಯ ಮೂಲವೆಂದು ಪರಿಗಣಿಸಲಾಗುತ್ತದೆ. ಆಗ ವಿರಾರ್ ಮುಂಬೈ ನಗರದ ಭಾಗವಾಗಿರಲಿಲ್ಲ. ತೋಟ, ಗದ್ದೆ, ಉಪ್ಪಿನ ಮಡಿಗಳ ನಡುವಿನ ಗ್ರಾಮವಾಗಿತ್ತು. ವಸಯಿ, ಭಾಯಂದರ್, ಬೋರಿವಲಿ, ಅಂಧೇರಿ, ಬಾಂದ್ರಾಗಳೂ ಬಿಡಿ ಊರುಗಳಾಗಿದ್ದವು. ನಗರ ಬೆಳೆದು ಈ ಊರುಗಳನ್ನು ತಲುಪಿದ ಬಳಿಕ ಹಳಿ ಹಾಕಿದ್ದಲ್ಲ. ಹಳಿ ಮೊದಲು ಬಂತು. ಹಳಿಯನ್ನು ಹಿಡಿದು ನಗರ ಉತ್ತರಕ್ಕೆ ಬೆಳೆಯಿತು. ಈ ಮಾರ್ಗದ ಇತಿಹಾಸವನ್ನು ಅರಿಯುವವರು ಗಮನಿಸಬೇಕಾದ ಮೊದಲ ಅಂಶ ಇದು.

ಚರ್ಚ್‌ಗೇಟ್ ನಿಲ್ದಾಣ 1870ರಲ್ಲಿ ಆರಂಭವಾಯಿತು. ಮುಂದೆ ಮಾರ್ಗವನ್ನು ದಕ್ಷಿಣದ ಕೊಲಾಬಾವರೆಗೆ ವಿಸ್ತರಿಸಲಾಯಿತು. ದೂರದೂರಿನ ಗಾಡಿಗಳಿಗಾಗಿ ಮುಂಬೈ ಸೆಂಟ್ರಲ್ ನಿಲ್ದಾಣವು 1930ರ ಡಿಸೆಂಬರ್‌ನಲ್ಲಿ ಪ್ರಾರಂಭವಾದ ನಂತರ ಕೊಲಾಬಾ ನಿಲ್ದಾಣವನ್ನು ಮುಚ್ಚಲಾಯಿತು. ಚರ್ಚ್‌ಗೇಟ್ ಉಪನಗರ ಗಾಡಿಗಳ ಕೊನೆಯ ನಿಲ್ದಾಣವಾಯಿತು. 1951ರ ನವೆಂಬರ್ 5ರಂದು ಪಶ್ಚಿಮ ರೈಲ್ವೆ ವಲಯ ಅಸ್ತಿತ್ವಕ್ಕೆ ಬಂದಾಗ ಈ ಮಾರ್ಗವೂ ಅದರಲ್ಲಿ ಸೇರಿತು.

ಉಗಿಯಿಂದ ವಿದ್ಯುತ್ತಿಗೆ

ಉಗಿಬಂಡಿಯು ನಿಂತು ಹೊರಡಲು ಹೆಚ್ಚು ಸಮಯ ಹಿಡಿಯುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಬೇಕಿತ್ತು. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಬೇಕಾದ ಮಾರ್ಗಕ್ಕೆ ಅದು ಒಗ್ಗುವಂತಿರಲಿಲ್ಲ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಮುಂಬೈನ ವಿಕ್ಟೋರಿಯಾ ಟರ್ಮಿನಸ್ ಹಾಗೂ ಕುರ್ಲಾ ನಡುವೆ ಓಡಿತು. ಪಶ್ಚಿಮ ಮಾರ್ಗದಲ್ಲಿ ಕೊಲಾಬಾದಿಂದ ಬೋರಿವಲಿಯವರೆಗಿನ ವಿದ್ಯುತ್ ಸಂಚಾರ 1928ರ ಜನವರಿ 5ರಂದು ಆರಂಭವಾಗಿ, 1936ರಲ್ಲಿ ವಿರಾರ್‌ವರೆಗೆ ವಿಸ್ತಾರಗೊಂಡಿತು.

ವಿದ್ಯುತ್ ಗಾಡಿಯಲ್ಲಿ ಪ್ರತ್ಯೇಕ ಎಂಜಿನ್ ಇರುವುದಿಲ್ಲ. ಸಾಲಿನ ನಡುನಡುವೆ ಇರುವ ಮೋಟಾರು ಬೋಗಿಗಳೇ ಗಾಡಿಯನ್ನು ಎಳೆಯುತ್ತವೆ. ಎಳೆಯುವ ಬಲ ಹಲವು ಗಾಲಿಗಳಿಗೆ ಹಂಚಿಕೆಯಾಗುವುದರಿಂದ ಗಾಡಿ ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ. ಎರಡೂ ತುದಿಗಳಲ್ಲಿ ಚಾಲಕನ ಕೊಠಡಿ ಇರುವುದರಿಂದ ಗಾಡಿಯನ್ನು ತಿರುಗಿಸುವ ಅಗತ್ಯವಿಲ್ಲ. ಚರ್ಚ್‌ಗೇಟ್‌ನಲ್ಲಿ ಇರುವುದು ನಾಲ್ಕೇ ಪ್ಲಾಟ್‌ಫಾರಂ. ಬಂದ ಗಾಡಿ ಕೆಲವೇ ನಿಮಿಷಗಳಲ್ಲಿ ಮರಳಿ ಹೊರಡಲು ಸಾಧ್ಯವಾಗಿರುವುದರಿಂದಲೇ ಅಷ್ಟು ಚಿಕ್ಕ ನಿಲ್ದಾಣದಿಂದ ದಿನವಿಡೀ ನೂರಾರು ಗಾಡಿಗಳು ಹೊರಡುತ್ತವೆ.

ಆರಂಭದಲ್ಲಿ ಬಳಸಿದ್ದು 1,500 ವೋಲ್ಟ್ ನೇರ ವಿದ್ಯುತ್ ಪ್ರವಾಹ. ವೋಲ್ಟೇಜ್ ಕಡಿಮೆ ಇದ್ದಷ್ಟೂ ಅದೇ ಶಕ್ತಿಗೆ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿಯಬೇಕು. ಸೋರಿಕೆ ಹೆಚ್ಚು, ಉಪಕೇಂದ್ರಗಳೂ ಹತ್ತಿರ ಹತ್ತಿರ ಇರಬೇಕು. ಗಾಡಿಗಳ ಸಂಖ್ಯೆ, ಬೋಗಿಗಳ ಸಂಖ್ಯೆ ಏರಿದಂತೆ ಈ ವ್ಯವಸ್ಥೆ ತನ್ನ ಮಿತಿಯನ್ನು ಮುಟ್ಟಿತು. ಹೀಗಾಗಿ ಮಾರ್ಗವನ್ನು ಹಂತ ಹಂತವಾಗಿ 25,000 ವೋಲ್ಟ್ ಪರ್ಯಾಯ ಪ್ರವಾಹಕ್ಕೆ ಬದಲಾಯಿಸಿ, ಪಶ್ಚಿಮ ಮಾರ್ಗದಲ್ಲಿ ಆ ಕಾರ್ಯವನ್ನು 2012ರಲ್ಲಿ ಪೂರ್ಣಗೊಳಿಸಲಾಯಿತು. ಸಂಚಾರವನ್ನು ನಿಲ್ಲಿಸದೆ ಇದನ್ನು ಮಾಡಬೇಕಾಗಿದ್ದುದರಿಂದ, ಬದಲಾವಣೆಯ ವರ್ಷಗಳಲ್ಲಿ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳನ್ನು ಬಳಸಲಾಯಿತು.

ಗಾಡಿಗಳು ಸಂಚರಿಸುವ ಬಗೆ

ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಸುಮಾರು 60 ಕಿಲೋಮೀಟರ್. ಈ ನಡುವೆ ಎರಡೂ ತುದಿ ಸೇರಿ 29 ನಿಲ್ದಾಣಗಳಿವೆ. 2013ರ ಏಪ್ರಿಲ್ 16ರಂದು ಉಪನಗರ ಸೇವೆಯನ್ನು ವಿರಾರ್‌ನಿಂದ ಉತ್ತರಕ್ಕೆ ಡಹಾಣು ರೋಡ್‌ವರೆಗೆ ವಿಸ್ತರಿಸಲಾಯಿತು. ಇದರಿಂದ ವೈತರಣಾ, ಸಫಾಳೆ, ಕೆಳವೆ ರೋಡ್, ಪಾಲ್ಘರ್, ಉಮರೋಳಿ, ಬೋಯಿಸರ್, ವಾಣಗಾಂವ್, ಡಹಾಣು ರೋಡ್ ಎಂಬ ಎಂಟು ನಿಲ್ದಾಣಗಳು ಸೇರಿ, ಮಾರ್ಗದ ಉದ್ದ ಸುಮಾರು 124 ಕಿಲೋಮೀಟರ್ ಆಯಿತು.

ಈ ಮಾರ್ಗದ ಸಾಮರ್ಥ್ಯದ ಮೂಲ ಹಳಿಗಳ ವಿಂಗಡಣೆ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ನಿಧಾನ ಗಾಡಿಗಳಿಗೆ ಒಂದು ಜೋಡಿ ಹಳಿ; ಆಯ್ದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವ ವೇಗದ ಗಾಡಿಗಳಿಗೆ ಇನ್ನೊಂದು ಜೋಡಿ. ಒಂದೇ ಹಳಿಯಲ್ಲಿ ಎರಡೂ ಬಗೆಯ ಗಾಡಿಗಳು ಓಡಿದರೆ ವೇಗದ ಗಾಡಿ ನಿಧಾನ ಗಾಡಿಯ ಬೆನ್ನಿಗೆ ಸಿಲುಕುತ್ತದೆ. ಬೋರಿವಲಿ–ವಿರಾರ್ ನಡುವೆ ಬಹುಕಾಲ ಎರಡೇ ಹಳಿಗಳಿದ್ದು, ಉಪನಗರ ಗಾಡಿ, ದೂರದ ಗಾಡಿ, ಸರಕು ಗಾಡಿ ಮೂರೂ ಅವುಗಳ ಮೇಲೆಯೇ ಸಾಗಬೇಕಿತ್ತು. ಮುಂಬೈ ನಗರ ಸಾರಿಗೆ ಯೋಜನೆಯ ಮೊದಲ ಹಂತದಲ್ಲಿ ಅಲ್ಲಿಯೂ ನಾಲ್ಕು ಹಳಿಗಳಾದವು. ಈ ಯೋಜನೆಯ ರೈಲ್ವೆ ಕಾಮಗಾರಿಗಳಿಗಾಗಿ ರೈಲ್ವೆ ಸಚಿವಾಲಯ ಮತ್ತು ಮಹಾರಾಷ್ಟ್ರ ಸರ್ಕಾರಗಳು ಕೂಡಿ 1999ರಲ್ಲಿ ಮುಂಬೈ ರೈಲ್ವೆ ವಿಕಾಸ ನಿಗಮವನ್ನು ಸ್ಥಾಪಿಸಿವೆ.

ಪಶ್ಚಿಮ ಮಾರ್ಗದಲ್ಲಿ ದಿನಕ್ಕೆ ಸುಮಾರು 1,400 ಗಾಡಿಗಳು ಓಡುತ್ತವೆ. ದಟ್ಟಣೆಯ ಹೊತ್ತಿನಲ್ಲಿ ಒಂದರ ಹಿಂದೆ ಒಂದರಂತೆ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಬರುತ್ತದೆ. ನಿಲ್ದಾಣದಲ್ಲಿ ಅದು ನಿಲ್ಲುವುದು ಅರ್ಧ ನಿಮಿಷದಷ್ಟು ಮಾತ್ರ. ಮುಂದಿನ ತುದಿಯಲ್ಲಿ ಚಾಲಕ, ಹಿಂದಿನ ತುದಿಯಲ್ಲಿ ಗಾರ್ಡ್ ಇರುತ್ತಾರೆ. ಜನ ಹತ್ತಿ ಇಳಿದುದನ್ನು ನೋಡಿ ಗಾರ್ಡ್ ಎರಡು ಬಾರಿ ಗಂಟೆ ಒತ್ತಿದ ಮೇಲೆಯೇ ಚಾಲಕ ಗಾಡಿಯನ್ನು ಹೊರಡಿಸುತ್ತಾರೆ. ಚಾಲಕನ ಕೈ ಹಿಡಿಕೆಯಿಂದ ಸಡಿಲಿದರೆ ಗಾಡಿ ತಾನಾಗಿ ನಿಲ್ಲುವ ಏರ್ಪಾಡಿದೆ. ಕೆಂಪು ಸಂಕೇತವನ್ನು ಮೀರದಂತೆ ತಡೆಯುವ ಸಹಾಯಕ ಎಚ್ಚರಿಕೆ ವ್ಯವಸ್ಥೆಯೂ ಹಳಿ ಹಾಗೂ ಗಾಡಿಗಳಲ್ಲಿ ಇದೆ.

ಹಳಿ, ತಂತಿ, ಸಂಕೇತಗಳ ದುರಸ್ತಿಗೆ ದೊರೆಯುವುದು ನಡುರಾತ್ರಿಯ ಕೊನೆಯ ಗಾಡಿ ಹಾಗೂ ನಸುಕಿನ ಮೊದಲ ಗಾಡಿಯ ನಡುವಿನ ಕೆಲವೇ ಗಂಟೆಗಳು. ಹೆಚ್ಚಿನ ಕೆಲಸಕ್ಕೆ ಭಾನುವಾರ ಕೆಲವು ಹಳಿಗಳನ್ನು ಹಲವು ಗಂಟೆ ತೆರವುಗೊಳಿಸಲಾಗುತ್ತದೆ. ಮುಂಬೈ ಜನ ಇದನ್ನು ಜಂಬೋ ಬ್ಲಾಕ್ ಎಂದು ಕರೆಯುತ್ತಾರೆ.

ಪ್ರಯಾಣಿಕರ ದಟ್ಟಣೆ ಮತ್ತು ಅನುಕೂಲಗಳು

ಗಾಡಿಗಳ ಉದ್ದ ಕಾಲಕ್ರಮದಲ್ಲಿ ಒಂಬತ್ತು ಬೋಗಿಯಿಂದ ಹನ್ನೆರಡಕ್ಕೆ ಏರಿತು. 2009ರಲ್ಲಿ ಪಶ್ಚಿಮ ಮಾರ್ಗದಲ್ಲಿ ಹದಿನೈದು ಬೋಗಿಗಳ ಗಾಡಿಯೂ ಬಂತು. ಮಹಿಳೆಯರಿಗಾಗಿ ಪ್ರತಿ ಗಾಡಿಯಲ್ಲಿ ಮೀಸಲು ಬೋಗಿಗಳಿವೆ. 1992ರ ಮೇ 5ರಿಂದ ಚರ್ಚ್‌ಗೇಟ್–ಬೋರಿವಲಿ ನಡುವೆ ಮಹಿಳೆಯರಿಗೇ ಮೀಸಲಾದ ಗಾಡಿಯನ್ನು ಓಡಿಸಲಾಯಿತು. ಹವಾನಿಯಂತ್ರಿತ ಉಪನಗರ ಗಾಡಿ 2017ರ ಡಿಸೆಂಬರ್ 25ರಂದು ಇದೇ ಮಾರ್ಗದಲ್ಲಿ ಆರಂಭವಾಯಿತು. ಅದರ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ತಿಂಗಳ ಪಾಸಿನ ದರ ಕಡಿಮೆ ಇರುವುದರಿಂದ ಕೂಲಿಕಾರ್ಮಿಕರೂ ದೂರದಿಂದ ಬಂದು ದುಡಿದು ಮರಳಬಲ್ಲರು. ಸರಕಿಗೆ ಮೀಸಲಾದ ವಿಭಾಗದಲ್ಲಿ ವಸಯಿ ಕಡೆಯ ತರಕಾರಿ, ಹೂವು, ಕರಾವಳಿಯ ಮೀನು ಪ್ರತಿದಿನ ನಗರದ ಮಾರುಕಟ್ಟೆಗೆ ಸಾಗುತ್ತವೆ. ಗ್ರಾಮದ ಉತ್ಪಾದಕರಿಗೂ ನಗರದ ಕೊಳ್ಳುವವರಿಗೂ ನಡುವೆ ಈ ರೈಲು ನೇರ ದಾರಿಯಾಗಿದೆ.

ಆದರೆ ಬೇಡಿಕೆ ಸದಾ ಸಾಮರ್ಥ್ಯಕ್ಕಿಂತ ಮುಂದಿದೆ. ದಟ್ಟಣೆಯ ಹೊತ್ತಿನಲ್ಲಿ ಬೋಗಿಯ ಒಂದು ಚದರ ಮೀಟರ್ ಜಾಗದಲ್ಲಿ ಹದಿನಾಲ್ಕರಿಂದ ಹದಿನಾರು ಜನ ನಿಲ್ಲುವ ಸ್ಥಿತಿಯನ್ನು ರೈಲ್ವೆಯೇ ದಾಖಲಿಸಿದೆ. ವಿರಾರ್ ಗಾಡಿಯಲ್ಲಿ ನಡುವಿನ ನಿಲ್ದಾಣದವರಿಗೆ ಹತ್ತುವುದೂ ಕಷ್ಟ, ಇಳಿಯುವುದೂ ಕಷ್ಟ.

ಗ್ರಾಮಗಳು ನಗರವಾದ ಬಗೆ

ಉಲ್ಲಾಸ ನದಿಯ ಅಳಿವೆಯಾದ ವಸಯಿ ಖಾರಿಯ ಉತ್ತರಕ್ಕೆ ಇರುವ ನಾಯಗಾಂವ್, ವಸಯಿ ರೋಡ್, ನಾಲಾಸೋಪಾರಾ, ವಿರಾರ್ ನಿಲ್ದಾಣಗಳ ಸುತ್ತಲಿನ ಪ್ರದೇಶ ಬಹುಕಾಲ ಬಾಳೆ, ವೀಳ್ಯದೆಲೆ, ತರಕಾರಿ, ಹೂವಿನ ತೋಟಗಳಿಗೆ ಹೆಸರಾಗಿತ್ತು. ಮುಂಬೈನಲ್ಲಿ ಮನೆಯ ಬೆಲೆ ಏರಿದಂತೆ, ನಗರದಲ್ಲಿ ದುಡಿಯುವವರು ಕೈಗೆಟಕುವ ಮನೆಗಾಗಿ ರೈಲಿನ ಕೊನೆಯ ನಿಲ್ದಾಣಗಳತ್ತ ಬಂದರು. 1980ರ ದಶಕದ ಕೊನೆಯಲ್ಲಿ ಹಸಿರು ವಲಯದ ಭೂಮಿಯನ್ನು ಕಟ್ಟಡಗಳಿಗೆ ತೆರೆದಾಗ ಸ್ಥಳೀಯರು ವಿರೋಧಿಸಿದರು. ಮರಾಠಿ ಲೇಖಕ ಹಾಗೂ ಧರ್ಮಗುರು ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರ ಮುಂದಾಳುತನದ ಹರಿತ ವಸಯಿ ಚಳವಳಿ ತೋಟ, ಬಾವಿ, ಅಂತರ್ಜಲಗಳ ರಕ್ಷಣೆಯ ಪ್ರಶ್ನೆಯನ್ನು ಎತ್ತಿತು. 1990ರಲ್ಲಿ ರಾಜ್ಯದ ಸಿಡ್ಕೊ ಸಂಸ್ಥೆಗೆ ಆ ಪ್ರದೇಶದ ಯೋಜನಾ ಹೊಣೆಯನ್ನು ವಹಿಸಲಾಯಿತು. ಅಷ್ಟರಲ್ಲಾಗಲೇ ನಿಲ್ದಾಣಗಳ ಸುತ್ತ ಕಟ್ಟಡಗಳು ಎದ್ದಿದ್ದವು.

2009ರ ಜುಲೈನಲ್ಲಿ ವಿರಾರ್, ನಾಲಾಸೋಪಾರಾ, ವಸಯಿ, ನವಘರ್–ಮಾಣಿಕಪುರ ಎಂಬ ನಾಲ್ಕು ಪುರಸಭೆಗಳನ್ನೂ ಸುತ್ತಲಿನ ಐವತ್ತಕ್ಕೂ ಹೆಚ್ಚು ಗ್ರಾಮಗಳನ್ನೂ ಕೂಡಿಸಿ ವಸಯಿ–ವಿರಾರ್ ಮಹಾನಗರಪಾಲಿಕೆಯನ್ನು ರಚಿಸಲಾಯಿತು. ತಮ್ಮನ್ನು ಪಾಲಿಕೆಯಿಂದ ಹೊರಗಿಡಬೇಕೆಂದು ಹಲವು ಗ್ರಾಮಗಳು ಒತ್ತಾಯಿಸಿದವು. 2011ರ ಜನಗಣತಿಯಲ್ಲಿ ಈ ಪಾಲಿಕೆಯ ಜನಸಂಖ್ಯೆ 12 ಲಕ್ಷವನ್ನು ಮೀರಿತ್ತು. ದಿನಕ್ಕೊಂದು ಗಾಡಿಯಿಂದ ಆರಂಭವಾದ ಊರು ಒಂದೂವರೆ ಶತಮಾನದೊಳಗೆ ಮಹಾನಗರವಾಯಿತು. ನೀರಿಗಾಗಿ ಅದು ಬಹುಮಟ್ಟಿಗೆ ದೂರದ ಸೂರ್ಯಾ ಜಲಾಶಯವನ್ನು ಅವಲಂಬಿಸಿದೆ. ಟ್ಯಾಂಕರ್ ನೀರು ಕೊಳ್ಳಬೇಕಾದ ಬಡಾವಣೆಗಳೂ ಅಲ್ಲಿವೆ.

ಸಿದ್ಧತೆಯ ಕೊರತೆಗೆ ತೆತ್ತ ಬೆಲೆ

ಪಶ್ಚಿಮ ಮಾರ್ಗದ ಮೂರು ಅನುಭವಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ.

ಮೊದಲನೆಯದು ಪಾದಚಾರಿ ಸೇತುವೆ. ಇಂದು ಪ್ರಭಾದೇವಿ ಎಂದು ಕರೆಯಲಾಗುವ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸುತ್ತ ಹಿಂದೆ ಬಟ್ಟೆ ಗಿರಣಿಗಳಿದ್ದವು. ಗಿರಣಿಗಳು ಮುಚ್ಚಿ ಆ ಜಾಗದಲ್ಲಿ ಕಚೇರಿಗಳು ಬಂದವು. ಜನಸಂಚಾರ ಹಲವು ಪಟ್ಟು ಹೆಚ್ಚಿತು. ಸೇತುವೆ ಮಾತ್ರ ಹಳೆಯ ಅಗಲದಲ್ಲೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮಳೆಯ ವೇಳೆ ಆ ಕಿರಿದಾದ ಸೇತುವೆಯಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ 23 ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ಭೂಸೇನೆಯ ನೆರವಿನಿಂದ ಹೊಸ ಸೇತುವೆಯನ್ನು ಕಟ್ಟಿ 2018ರ ಫೆಬ್ರುವರಿಯಲ್ಲಿ ತೆರೆಯಲಾಯಿತು. ಕೆಲವೇ ತಿಂಗಳಲ್ಲಿ ಆಗಬಹುದಾಗಿದ್ದ ಕೆಲಸ ದುರಂತದ ನಂತರವಷ್ಟೇ ಆಯಿತು.

ಎರಡನೆಯದು ಮಳೆನೀರು. ತಗ್ಗಿನ ಭೂಮಿ, ಉಪ್ಪಿನ ಮಡಿ, ತೊರೆಗಳಿರುವ ಕಡೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದರೆ ನೀರು ಹಳಿಯತ್ತ ನುಗ್ಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ಉಪನಗರ ಸಂಚಾರ ಪೂರ್ಣವಾಗಿ ನಿಂತಿತು. 2018ರ ಜುಲೈನಲ್ಲಿ ನಾಲಾಸೋಪಾರಾ ಬಳಿ ಹಳಿಗಳು ಮುಳುಗಿ, ಸಿಲುಕಿದ್ದ ದೂರದ ಗಾಡಿಯ ಪ್ರಯಾಣಿಕರನ್ನು ವಿಪತ್ತು ಪ್ರತಿಕ್ರಿಯೆ ಪಡೆ ದೋಣಿಗಳ ಮೂಲಕ ಪಾರುಮಾಡಬೇಕಾಯಿತು.

ಮೂರನೆಯದು ಹಳಿ ದಾಟುವುದು. ಮುಂಬೈನ ಎಲ್ಲ ಉಪನಗರ ಮಾರ್ಗಗಳನ್ನು ಒಟ್ಟುಗೂಡಿಸಿದರೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಹಳಿ ದಾಟುವಾಗ ಅಥವಾ ಗಾಡಿಯಿಂದ ಬಿದ್ದು ಸತ್ತವರು. 1989ರ ರೈಲ್ವೆ ಕಾಯ್ದೆಯ 147ನೇ ಪ್ರಕರಣದಂತೆ ಹಳಿಯ ಮೇಲೆ ಅಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ. ಆದರೆ ಕಾನೂನೊಂದೇ ಸಾಲದು. ಹಳಿಯ ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಶಾಲೆ, ಅಂಗಡಿ, ಹೊಲ ಇದ್ದು, ಸೇತುವೆ ಒಂದು ಕಿಲೋಮೀಟರ್ ದೂರವಿದ್ದರೆ ಜನ ಹಳಿಯನ್ನೇ ದಾಟುತ್ತಾರೆ. ಜನ ನಡೆಯುವ ದಾರಿಯಲ್ಲೇ ಸೇತುವೆ ಅಥವಾ ಕೆಳದಾರಿ ಇದ್ದಾಗ ಮಾತ್ರ ಬೇಲಿಗೆ ಅರ್ಥ ಬರುತ್ತದೆ.

ಬೆಂಗಳೂರು ಉಪನಗರ ರೈಲು ಮತ್ತು ಗ್ರಾಮ ಪಂಚಾಯಿತಿಗಳ ಹೊಣೆ

ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ನೆರವೇರಿತು. ರಾಜ್ಯ ಸರ್ಕಾರ ಹಾಗೂ ರೈಲ್ವೆ ಸಚಿವಾಲಯಗಳ ಜಂಟಿ ಸಂಸ್ಥೆಯಾದ ಕೆ–ರೈಡ್ ಇದನ್ನು ಅನುಷ್ಠಾನಗೊಳಿಸುತ್ತಿದೆ. ಒಟ್ಟು ಸುಮಾರು 148 ಕಿಲೋಮೀಟರ್ ಉದ್ದದ ನಾಲ್ಕು ಮಾರ್ಗಗಳಿಗೆ ಹೂವು, ಗಿಡಗಳ ಹೆಸರುಗಳನ್ನಿಡಲಾಗಿದೆ: ಬೆಂಗಳೂರು ನಗರ ನಿಲ್ದಾಣದಿಂದ ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. ಈ ಮಾರ್ಗಗಳ ತುದಿಗಳಲ್ಲಿ ಹಲವು ಇಂದಿಗೂ ಹೊಲ, ತೋಟ, ಕೆರೆಗಳ ನಡುವೆಯೇ ಇವೆ. ಒಂದು ಕಾಲದ ವಿರಾರ್‌ನ ಸ್ಥಿತಿಯೂ ಇದೇ ಆಗಿತ್ತು. ಆದ್ದರಿಂದ ಮಾರ್ಗದ ಆಸುಪಾಸಿನ ಗ್ರಾಮ ಪಂಚಾಯಿತಿಗಳು ಕೆಳಕಂಡ ಅಂಶಗಳತ್ತ ಈಗಿನಿಂದಲೇ ಗಮನ ಹರಿಸುವುದು ಅವಶ್ಯ.

1. ಕಟ್ಟಡ ಪರವಾನಗಿ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಡಿ ಕಟ್ಟಡಗಳಿಗೆ ಅನುಮತಿ ನೀಡುವ ಅಧಿಕಾರ ಪಂಚಾಯಿತಿಗೆ ಇದೆ. ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲದ ಬಡಾವಣೆಗಳಲ್ಲಿ ಮನೆಗಳು ಎದ್ದ ಮೇಲೆ ರಸ್ತೆ, ಚರಂಡಿಗೆ ಜಾಗ ಹುಡುಕುವುದು ಅಸಾಧ್ಯವಾಗುತ್ತದೆ.

2. ನಿಲ್ದಾಣದ ದಾರಿ: ನಿಲ್ದಾಣಕ್ಕೆ ಬರುವ ರಸ್ತೆಯ ಅಗಲ, ಕಾಲುದಾರಿ, ಬಸ್ ಹಾಗೂ ಆಟೊ ನಿಲ್ಲುವ ಜಾಗ, ಸಂತೆಗೆ ಮತ್ತು ಬೀದಿ ವ್ಯಾಪಾರಿಗಳಿಗೆ ಬೇಕಾದ ಜಾಗಗಳನ್ನು ಗುರುತಿಸಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬೇಕು.

3. ಕೆರೆ, ಕಾಲುವೆಗಳ ಗಡಿ: ಕೆರೆ ಅಂಗಳ, ರಾಜಕಾಲುವೆ, ಗೋಮಾಳ, ಗುಂಡುತೋಪುಗಳ ಸರಹದ್ದನ್ನು ಕಂದಾಯ ಇಲಾಖೆಯ ನೆರವಿನಿಂದ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಭೂಮಿಯ ಬೆಲೆ ಏರಿದ ನಂತರ ಒತ್ತುವರಿ ತೆರವು ವರ್ಷಗಟ್ಟಲೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

4. ಹಳಿ ದಾಟುವ ದಾರಿಗಳು: ಜನ, ಜಾನುವಾರು, ಟ್ರಾಕ್ಟರ್‌ಗಳು ಇಂದು ಹಳಿ ದಾಟುತ್ತಿರುವ ಸ್ಥಳಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಸಿದ್ಧಪಡಿಸಿ, ಕಾಮಗಾರಿಯ ನಕ್ಷೆ ಅಂತಿಮವಾಗುವ ಮೊದಲೇ ಕೆ–ರೈಡ್ ಹಾಗೂ ರೈಲ್ವೆ ಅಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಬೇಕು. ಸೇತುವೆಯ ಜಾಗವನ್ನು ಕಾಗದದ ಮೇಲೆ ಬದಲಾಯಿಸುವುದು ಸುಲಭ. ಕಟ್ಟಿದ ಮೇಲೆ ಕಷ್ಟ.

5. ನೀರು ಮತ್ತು ಕಸ: ಹೊಸ ಬಡಾವಣೆಗಳಿಗೆ ಅನುಮತಿ ನೀಡುವಾಗ ಇರುವ ಕೊಳವೆಬಾವಿಗಳ ಇಳುವರಿ, ಕೊಳಚೆ ನೀರಿನ ವಿಲೇವಾರಿ, ಕಸ ವಿಂಗಡಣೆಯ ಜಾಗಗಳ ಲೆಕ್ಕ ಪಂಚಾಯಿತಿಯ ಮುಂದಿರಬೇಕು.

6. ರೈತರ ಹಿತ: ಭೂಸ್ವಾಧೀನದ ಅಧಿಸೂಚನೆ, ಪರಿಹಾರ, ಆಕ್ಷೇಪಣೆ ಸಲ್ಲಿಸುವ ಅವಧಿಗಳ ಮಾಹಿತಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ದಾಖಲೆಗಳು ಸರಿಯಿಲ್ಲದ ಕಾರಣಕ್ಕೆ ಮಧ್ಯವರ್ತಿಗಳಿಗೆ ಅಗ್ಗವಾಗಿ ಭೂಮಿ ಮಾರುವ ಪರಿಸ್ಥಿತಿ ಬಾರದಂತೆ ಪೌತಿ ಖಾತೆ, ಇ–ಸ್ವತ್ತು ದಾಖಲೆಗಳನ್ನು ಸಕಾಲದಲ್ಲಿ ಪೂರ್ಣಗೊಳಿಸಲು ರೈತರಿಗೆ ನೆರವಾಗಬೇಕು.

ಉಪನಗರ ರೈಲು ಗ್ರಾಮಕ್ಕೆ ಒಳಿತನ್ನೇ ತರುತ್ತದೆ. ವಿದ್ಯಾರ್ಥಿಗೆ ಕಾಲೇಜು ಹತ್ತಿರವಾಗುತ್ತದೆ. ಮಹಿಳೆಯರು ಸುರಕ್ಷಿತವಾಗಿ ಕೆಲಸಕ್ಕೆ ಹೋಗಿ ಬರಬಹುದು. ತೋಟದ ಸೊಪ್ಪು, ಹೂವು ಬಾಡುವ ಮುನ್ನ ಮಾರುಕಟ್ಟೆ ಸೇರುತ್ತದೆ. ಚರ್ಚ್‌ಗೇಟ್–ವಿರಾರ್ ಮಾರ್ಗ ಒಂದೂವರೆ ಶತಮಾನದಿಂದ ಲಕ್ಷಾಂತರ ಜನರಿಗೆ ಅನ್ನದ ದಾರಿಯಾಗಿರುವುದೇ ಇದಕ್ಕೆ ಸಾಕ್ಷಿ. ಅಲ್ಲಿ ತಡವಾಗಿ ಬಂದ ಸೇತುವೆ, ಚರಂಡಿ, ಯೋಜನೆಗಳು ಇಲ್ಲಿ ಗಾಡಿಗಿಂತ ಮೊದಲೇ ಬರುವಂತೆ ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಿಗೆ ಇನ್ನೂ ಕಾಲಾವಕಾಶವಿದೆ. ಮುಂದಿನ ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಚರ್ಚೆಗೆ ಮಂಡಿಸಿ, ತಮ್ಮ ವ್ಯಾಪ್ತಿಯ ಅಗತ್ಯಗಳನ್ನು ಪಟ್ಟಿ ಮಾಡಿ, ನಿರ್ಣಯ ಕೈಗೊಳ್ಳುವುದು ಸೂಕ್ತ.